ರಕ್ಷೆಯನ್ನು ಎರವಲು ಕೊಟ್ಟ ಎಮಿಲ್ ಬೇರಿಂಗ್

ಗಂಟಲಮಾರಿಯ ಹೆಸರು ಕೇಳಿದೊಡನೆ ತಾಯಂದಿರು ನಡುಗುತ್ತಿದ್ದ ಕಾಲವೊಂದಿತ್ತು. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಬೆಳೆದು, ಉಸಿರುಕಟ್ಟಿ, ಎಳೆಯ ಮಕ್ಕಳು ಕಣ್ಣೆದುರಿಗೇ ಅಸುನೀಗುತ್ತಿದ್ದರು. ಅದಕ್ಕೆ ಮದ್ದನ್ನು ರಕ್ತದಲ್ಲಿಯೇ ಕಂಡವನು ಎಮಿಲ್ ಬೇರಿಂಗ್.

ಬೇರಿಂಗನು 1854ನೆಯ ಇಸವಿ ಮಾರ್ಚ್ 15ರಂದು ಪ್ರಷ್ಯದ ಹಾನ್ಸ್‌ಡಾರ್ಫ್ ಎಂಬಲ್ಲಿ ಜನಿಸಿದನು. ತಂದೆ ಉಪಾಧ್ಯಾಯ, ಮನೆಯಲ್ಲಿ ಹದಿಮೂರು ಮಕ್ಕಳು. ಉಪಾಧ್ಯಾಯನ ಸಂಬಳದಲ್ಲಿ ಅಷ್ಟು ಮಂದಿಗೆ ಅನ್ನವಿಕ್ಕುವ ಕಷ್ಟವನ್ನು ನಾವು ಊಹಿಸಬಲ್ಲೆವು. ವಿಶ್ವವಿದ್ಯಾನಿಲಯದ ವೆಚ್ಚವನ್ನು ಭರಿಸಲಾರದೆ ಅವನು 1874ರಲ್ಲಿ ಬರ್ಲಿನ್ನಿನ ಸೈನಿಕ ವೈದ್ಯಶಾಲೆಯನ್ನು ಸೇರಿದನು. ಅಲ್ಲಿ ವಿದ್ಯೆಗೆ ಹಣ ಬೇಡ. ಪ್ರತಿಯಾಗಿ ಸೈನ್ಯದಲ್ಲಿ ವೈದ್ಯನಾಗಿ ದುಡಿಯಬೇಕು.

ಸೈನ್ಯದ ಸೇವೆಯ ತರುವಾಯ 1889ರಲ್ಲಿ ಬೇರಿಂಗನು ರಾಬರ್ಟ್ ಕಾಕ್ ಪಂಡಿತನ ಸಹಾಯಕನಾದನು. ಜಪಾನಿನಿಂದ ಬಂದಿದ್ದ ಕಿತಾಸಾತೊ ಅಲ್ಲಿ ಧನುರ್ವಾಯುವಿನ ರೋಗಾಣುಗಳನ್ನು ಬೇರ್ಪಡಿಸಿ ಬೆಳೆಸಿದ್ದನು. ಇಬ್ಬರೂ ಕೂಡಿ ಮೊಲಗಳಲ್ಲಿ ಆ ರೋಗವನ್ನು ತಡೆಯುವ ಶಕ್ತಿಯನ್ನುಂಟುಮಾಡಿ, ಅವುಗಳ ರಕ್ತದ ತಿಳಿಯನ್ನು, ಎಂದರೆ ಸೀರಮನ್ನು, ಇಲಿಗಳಿಗೆ ಚುಚ್ಚಿದರು. ಬಳಿಕ ರೋಗಾಣುಗಳನ್ನು ಕೊಟ್ಟರೂ ಆ ಇಲಿಗಳು ಬದುಕಿದವು; ಸೀರಂ ಪಡೆಯದವು ಸತ್ತವು. ಒಂದು ಜೀವಿ ಗಳಿಸಿದ ರಕ್ಷೆಯನ್ನು ಮತ್ತೊಂದಕ್ಕೆ ಎರವಲು ಕೊಡಬಹುದೆಂಬ ಈ ಸತ್ಯವನ್ನು ಅವರು 1890ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಗಂಟಲಮಾರಿಯಲ್ಲಿಯೂ ಇದು ನಿಜವೆಂದು ಬೇರಿಂಗನು ತೋರಿಸಿದನು. ಸೀರಮಿನ ಬಲವನ್ನು ಸರಿಯಾಗಿ ಅಳೆಯುವ ಕ್ರಮವನ್ನು ಪಾಲ್ ಏರ್ಲಿಖನು ರೂಪಿಸಿದನು. 1894ರಿಂದ ಅದು ಕಾರ್ಖಾನೆಯಲ್ಲಿ ತಯಾರಾಗತೊಡಗಿ ಅಸಂಖ್ಯ ಮಕ್ಕಳು ಉಳಿದರು.

1901ರಲ್ಲಿ ವೈದ್ಯಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕ ಬೇರಿಂಗನೊಬ್ಬನಿಗೇ ಸಂದಿತು. ಕಿತಾಸಾತೊವಿಗೆ ಪಾಲು ದೊರೆಯಲಿಲ್ಲ. ಕೂಡಿ ದುಡಿದವನಿಗೆ ಇದು ಅನ್ಯಾಯವೆಂದೇ ನಮ್ಮ ಭಾವನೆ. 1917ನೆಯ ಮಾರ್ಚ್ 31ರಂದು ಬೇರಿಂಗನು ಮಾರ್ಬುರ್ಗಿನಲ್ಲಿ ತೀರಿಕೊಂಡನು.

ಸೀರಮಿನಲ್ಲಿದ್ದ ರಕ್ಷಕವಸ್ತುಗಳೇ ಪ್ರತಿಕಾಯಗಳು, ಅರ್ಥಾತ್ ಇಮ್ಯುನೋಗ್ಲಾಬ್ಯುಲಿನ್‌ಗಳು. ಇವುಗಳಲ್ಲಿ ಐದು ವರ್ಗಗಳಿವೆಯೆಂದು ಮುಂದಿನವರು ಕಂಡರು. ರೋಗಾಣು ಹೊಕ್ಕೊಡನೆ ಮೊದಲು ಮೇಲೇಳುವುದು ‘ಎಂ’. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದು, ಗರ್ಭದಲ್ಲಿಯೇ ತಾಯಿಯಿಂದ ಶಿಶುವಿಗೆ ಸಾಗುವುದು ‘ಜಿ’. ಎಂಜಲು, ಕಣ್ಣೀರು, ಎದೆಹಾಲು, ಕರುಳಿನ ಒಳಪೊರೆಗಳಲ್ಲಿ ಕಾವಲಿರುವುದು ‘ಎ’. ಹೊಟ್ಟೆಯ ಹುಳುಗಳನ್ನೆದುರಿಸುವುದು ‘ಇ’. ಕೆಲವರಲ್ಲಿ ಅಲರ್ಜಿಗೂ ಅದೇ ಕಾರಣ. ‘ಡಿ’ಯು ಬಹುಮಟ್ಟಿಗೆ ಪ್ರತಿಕಾಯಗಳನ್ನು ಹುಟ್ಟಿಸುವ ಕಣಗಳ ಮೇಲೆಯೇ ಇರುತ್ತದೆ.

ಈ ಕಾವಲು ಹುಟ್ಟಿನಿಂದಲೇ ಕೆಲವರಿಗಿರುವುದಿಲ್ಲ. 1952ರಲ್ಲಿ ಅಮೆರಿಕದ ವೈದ್ಯ ಬ್ರೂಟನ್, ಪದೇ ಪದೇ ಕಠಿನ ರೋಗಗಳಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಬಾಲಕನೊಬ್ಬನ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಗಾಮಾ ಗ್ಲಾಬ್ಯುಲಿನ್ ಇಲ್ಲದ್ದನ್ನು ಕಂಡನು. ಅನ್ಯರ ರಕ್ತದಿಂದ ತೆಗೆದ ಆ ವಸ್ತುವನ್ನು ತಿಂಗಳು ತಿಂಗಳೂ ಚುಚ್ಚಲು ಬಾಲಕನು ಚೇತರಿಸಿಕೊಂಡನು. ಎರವಲು ರಕ್ಷೆ ಬೇಗ ಸವೆಯುವುದರಿಂದ ಅದನ್ನು ಮತ್ತೆ ಮತ್ತೆ ಕೊಡಬೇಕು.

ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಲೇ ಇದ್ದಾಗ, ಉಪಾಧ್ಯಾಯರಾದ ನಾವು ಆ ಮಗುವನ್ನು ಸೋಮಾರಿಯೆಂದು ಗದರಿಸುವುದುಂಟು. ಇನ್ನು ಮುಂದೆ ಗದರಿಸುವ ಮೊದಲು, ವೈದ್ಯರಿಗೆ ತೋರಿಸಿದಿರಾ ಎಂದು ಮನೆಯವರನ್ನು ಕೇಳೋಣ. ಉಪಾಧ್ಯಾಯನ ಮಗನಾದ ಬೇರಿಂಗನಿಗೆ ನಾವು ಸಲ್ಲಿಸಬಹುದಾದ ಗೌರವವಿದು.