ಕಡಲಾಚೆಯ ಕಟಕಟೆಯಲ್ಲಿ ನಿಂತ ಕುರಿಗಾಹಿ: ಸಂತ ಆಲಿವರ್ ಪ್ಲಂಕೆಟ್



ಜುಲೈ 1 ಸಂತ ಆಲಿವರ್ ಪ್ಲಂಕೆಟರ ಹಬ್ಬ. ತಮ್ಮ ನಾಡಿನಲ್ಲಿ ನಿಲ್ಲದೆ ಹೋದ ಮೊಕದ್ದಮೆಯನ್ನು ಕಡಲಾಚೆಗೆ ಒಯ್ದು ಇವರಿಗೆ ಮರಣದಂಡನೆ ವಿಧಿಸಲಾಯಿತು. ನಮ್ಮ ಯುವಜನರ ಕೂಟದಲ್ಲಿ ಈ ಬಾರಿ ಇವರ ಜೀವನವನ್ನು ಓದಿದೆವು. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಆಲಿವರ್ 1625ರಲ್ಲಿ ಐರ್ಲೆಂಡಿನ ಲಾಕ್ರೂ ಎಂಬಲ್ಲಿ ಹುಟ್ಟಿದರು. ರೋಮಿನಲ್ಲಿ ಓದಿ 1654ರಲ್ಲಿ ಗುರುದೀಕ್ಷೆ ಪಡೆದರು. ಆಗ ಐರ್ಲೆಂಡಿನಲ್ಲಿ ಕಥೋಲಿಕ ಗುರುಗಳಿಗೆ ಉಳಿಗಾಲವಿರಲಿಲ್ಲ. ಹಾಗಾಗಿ ರೋಮಿನಲ್ಲೇ ಉಳಿದು ದೈವಶಾಸ್ತ್ರ ಕಲಿಸಿದರು. 1669ರಲ್ಲಿ ಆರ್ಮಾದ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡು ಮರುವರ್ಷ ತಾಯ್ನಾಡಿಗೆ ಮರಳಿದರು. ನಾಲ್ಕೇ ವರ್ಷಗಳಲ್ಲಿ ಸುಮಾರು 48,000 ಜನರಿಗೆ ದೃಢೀಕರಣ ಸಂಸ್ಕಾರ ನೀಡಿದರು. ಡ್ರೊಹೆಡಾ ಪಟ್ಟಣದಲ್ಲಿ ಯೇಸುಸಭೆಯ ಗುರುಗಳ ಮೂಲಕ ಶಾಲೆ ತೆರೆದರು. ಅಲ್ಲಿ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಕಲಿತರು. 1673ರಲ್ಲಿ ಸರ್ಕಾರ ಮತ್ತೆ ಕಠಿಣವಾಯಿತು. ಶಾಲೆ ನೆಲಸಮವಾಯಿತು. ಆಲಿವರ್ ಮಾತ್ರ ನಾಡು ಬಿಡಲಿಲ್ಲ. ಚಳಿ, ಹಸಿವು ಸಹಿಸಿ, ಅಡಗಿಕೊಂಡೇ ತಮ್ಮ ಜನರ ಸೇವೆ ಮಾಡಿದರು.

1678ರಲ್ಲಿ ಟೈಟಸ್ ಓಟ್ಸ್ ಎಂಬವನು, ಕಥೋಲಿಕರು ರಾಜನನ್ನು ಕೊಲ್ಲಲು ಪಿತೂರಿ ನಡೆಸಿದ್ದಾರೆಂದು ಇಂಗ್ಲೆಂಡಿನಲ್ಲಿ ಸುಳ್ಳು ಹಬ್ಬಿಸಿದ. ಆ ಭಯ ಐರ್ಲೆಂಡಿಗೂ ಹರಡಿತು. 1679ರ ಡಿಸೆಂಬರಿನಲ್ಲಿ ಆಲಿವರರ ಬಂಧನವಾಯಿತು. ಫ್ರೆಂಚ್ ಸೈನ್ಯವನ್ನು ಕರೆಸಲು ಸಂಚು ಮಾಡಿದರೆಂಬುದು ಅವರ ಮೇಲಿನ ಆರೋಪ.

1680ರ ಜುಲೈಯಲ್ಲಿ ಐರ್ಲೆಂಡಿನ ಡಂಡಾಕ್‌ನಲ್ಲಿ ವಿಚಾರಣೆ ಆರಂಭವಾಯಿತು. ಜ್ಯೂರಿಯವರೆಲ್ಲ ಪ್ರೊಟೆಸ್ಟೆಂಟರು. ಆದರೂ ಆಲಿವರ್ ಆಕ್ಷೇಪಿಸಲಿಲ್ಲ. ಅಲ್ಲಿನ ಜನ ಅವರನ್ನು ಬಲ್ಲವರು. ಆದರೆ ಆರೋಪ ಹೊರಿಸಿದವರೇ ಸಾಕ್ಷಿ ಹೇಳಲು ಬರಲಿಲ್ಲ! ಮೊಕದ್ದಮೆ ಬಿದ್ದುಹೋಯಿತು.

ಅವರನ್ನು ಬಿಡುಗಡೆ ಮಾಡುವ ಬದಲು ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ ಸಾಗಿಸಿದರು. ಐರ್ಲೆಂಡಿಗೂ ಇಂಗ್ಲೆಂಡಿಗೂ ರಾಜ ಒಬ್ಬನೇ ಆದರೂ ಐರ್ಲೆಂಡ್ ಬೇರೆ ರಾಜ್ಯ; ಅದಕ್ಕೆ ತನ್ನದೇ ಸಂಸತ್ತು, ನ್ಯಾಯಾಲಯಗಳಿದ್ದವು. ಆದರೆ ದೇಶದ ಹೊರಗೆ ನಡೆದ ರಾಜದ್ರೋಹವನ್ನೂ ಇಂಗ್ಲೆಂಡಿನಲ್ಲಿ ವಿಚಾರಿಸಬಹುದೆಂಬ ಕಾನೂನು ಎಂಟನೇ ಹೆನ್ರಿಯ ಕಾಲದಿಂದ ಇತ್ತು. ತಮ್ಮ ವಿಚಾರಣೆ ಐರ್ಲೆಂಡಿನಲ್ಲೇ ನಡೆಯಬೇಕೆಂದು ಆಲಿವರ್ ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಸಾಕ್ಷಿಗಳನ್ನು ಕರೆಸಲು ಐದು ವಾರ ಮಾತ್ರ ಕೊಟ್ಟರು. ಎದುರು ಗಾಳಿಗೆ ಹಡಗು ತಡವಾಯಿತು. ದಾಖಲೆಗಳ ನಕಲು ಸಿಗಲಿಲ್ಲ. ಕಾನೂನಿಗೆ ಕಡಲು ಅಡ್ಡಬರಲಿಲ್ಲ, ಸಾಕ್ಷಿಗಳಿಗೆ ಅಡ್ಡಬಂತು.

1681ರ ಜೂನ್ 8ರಂದು ವಕೀಲರಿಲ್ಲದೆ ಒಬ್ಬರೇ ಕಟಕಟೆಯಲ್ಲಿ ನಿಂತರು. ಅವರ ವಿರುದ್ಧ ಸಾಕ್ಷಿ ನುಡಿದವರಲ್ಲಿ, ಹಿಂದೆ ಅವರೇ ಶಿಸ್ತುಕ್ರಮ ಕೈಗೊಂಡಿದ್ದ ಗುರುಗಳೂ ಇದ್ದರು. ಕಾಲು ಗಂಟೆಯಲ್ಲಿ ಜ್ಯೂರಿ ಅವರನ್ನು ಅಪರಾಧಿ ಎಂದಿತು. ಆಲಿವರ್ ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಜುಲೈ 1ರಂದು ಟೈಬರ್ನ್‌ನಲ್ಲಿ, ತಮ್ಮ ಮೇಲೆ ಸುಳ್ಳು ಹೇಳಿದವರನ್ನೆಲ್ಲ ಕ್ಷಮಿಸಿ ಪ್ರಾಣ ಅರ್ಪಿಸಿದರು. 1975ರ ಅಕ್ಟೋಬರ್ 12ರಂದು ಪೋಪ್ ಆರನೇ ಪೌಲರು ಅವರನ್ನು ಸಂತರೆಂದು ಸಾರಿದರು. ಅವರ ಶಿರಸ್ಸು ಇಂದು ಡ್ರೊಹೆಡಾದ ಸಂತ ಪೇತ್ರರ ದೇವಾಲಯದಲ್ಲಿದೆ.

ದೂರದ ಕಚೇರಿಯಲ್ಲಿ, ನಮ್ಮದಲ್ಲದ ಭಾಷೆಯಲ್ಲಿ, ನಾವು ಯಾರೆಂದು ರುಜುವಾತು ಮಾಡುವ ಕಷ್ಟ ಗಡಿನಾಡಿನ ನಮಗೆ ಗೊತ್ತು. ನಮ್ಮನ್ನು ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಸಾಕೆನಿಸುತ್ತದೆ. ಹಾಗಿರುವಾಗ ಹಲವು ಭಾಷೆಗಳ ನಮ್ಮ ಧರ್ಮಕೇಂದ್ರದಲ್ಲಿ ಯಾರ ಬಗ್ಗೆಯಾದರೂ ಗಾಳಿಮಾತು ಕೇಳಿದರೆ, ಅವರನ್ನು ಬಲ್ಲವರನ್ನು ವಿಚಾರಿಸದೆ ನಾವು ತೀರ್ಪು ಕೊಡದಿರೋಣ. ನಮ್ಮ ಮೇಲೆಯೇ ಸುಳ್ಳು ಬಂದಾಗ ಕ್ಷಮಿಸುವ ಶಕ್ತಿಯನ್ನು ಪ್ರಭು ಕೊಡಲಿ.

ಸಂತ ಆಲಿವರರೇ, ನಮಗಾಗಿ ಪ್ರಾರ್ಥಿಸಿರಿ.