ಕೋವಿ ಬಿಚ್ಚಲು ಹೋದವರಿಗೆ ಸಿಕ್ಕಿದ ತೇಜಸ್ವಿ

ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಮೂಡಿಗೆರೆ ಹತ್ತಿರದ ಗೆಳೆಯನ ಮನೆಗೆ ಹೋಗಿದ್ವಿ. ನಡುಮನೆಯ ಗೋಡೆ ಮೇಲೆ ಒಂದು ಹಳೇ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯೋ ಕಾಲದ್ದು. ತುಕ್ಕು ಹಿಡಿದು ಕುದುರೆ ಅಲ್ಲಾಡ್ತಾನೇ ಇರಲಿಲ್ಲ. ಕರಿಮದ್ದು ಉರಿದ ಮೇಲೆ ಪೂರ್ತಿ ಹೊಗೆಯಾಗಿ ಹೋಗಲ್ಲ, ಒಂದಷ್ಟು ಉಪ್ಪಿನಂಥ ಮಸಿಯಾಗಿ ಅಲ್ಲೇ ಕೂರುತ್ತೆ. ಅದು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕಾ?

ನಮಗೆ ಅದನ್ನು ಬಿಚ್ಚಿ ಸರಿ ಮಾಡೋ ಆಸೆ. ಗೆಳೆಯನ ಅಜ್ಜ ಒಪ್ಪಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ಇಟ್ಟುಕೊಳ್ಳೋಕಷ್ಟೇ ಅಲ್ಲ, ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು. ನಮ್ಮ ಮುಖ ನೋಡಿ ಅವರು ಕಪಾಟಿನಿಂದ 'ಪರಿಸರದ ಕತೆ' ತೆಗೆದು ಕೊಟ್ಟರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮೊದಲ ಹತ್ತು ಪುಟಕ್ಕೇ ಒಂದು ಸಂಜೆ ಬೇಕಾಯ್ತು. ಆಮೇಲೆ ಕೆಳಗಿಡೋಕೆ ಆಗಲಿಲ್ಲ. ಆ ಮನುಷ್ಯನ ಬಗ್ಗೆ ನಾವು ತಿಳಿದುಕೊಂಡದ್ದು ಇಷ್ಟು.

ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ತಂದೆ ಕುವೆಂಪು, ತಾಯಿ ಹೇಮಾವತಿ. ಬೆಳೆದದ್ದು ಮೈಸೂರಿನಲ್ಲಿ, ಓದಿದ್ದು ಕನ್ನಡ ಎಂ.ಎ. ಆ ಡಿಗ್ರಿ, ಆ ಮನೆತನ ಇಟ್ಟುಕೊಂಡು ಯಾವುದಾದರೂ ಕಾಲೇಜಿನಲ್ಲಿ ಮೇಷ್ಟ್ರಾಗಿ ನೆಮ್ಮದಿಯಾಗಿ ಇರಬಹುದಿತ್ತು. ಅವರು 1960ರ ದಶಕದಲ್ಲಿ ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದರು. 1966ರಲ್ಲಿ ರಾಜೇಶ್ವರಿ ಅವರನ್ನು ಮದುವೆಯಾದರು. ಪುರೋಹಿತರಿಲ್ಲದ, ಆಡಂಬರವಿಲ್ಲದ, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಮದುವೆ ಅದು. ಲೋಹಿಯಾ ವಿಚಾರಗಳನ್ನು ಮೆಚ್ಚಿ, ಸಮಾಜವಾದಿ ಗೆಳೆಯರ ಜೊತೆ ಓಡಾಡಿದರು. ಆದರೆ ಕೊನೆವರೆಗೂ ತೋಟ ಬಿಡಲಿಲ್ಲ.

ತೋಟದಲ್ಲಿ ಸ್ಕೂಟರ್ ಕೆಟ್ಟರೆ ತಾವೇ ಬಿಚ್ಚಿ ಕೂರುತ್ತಿದ್ದರು. ಯಾರೋ ಬಂದು ಸರಿ ಮಾಡ್ತಾರೆ ಅಂತ ಕಾಯೋ ಜಾಯಮಾನ ಅವರದ್ದಲ್ಲ. ಗಾಳ ಹಿಡಿದು ಮೀನಿಗೆ ಹೋಗೋರು, ಚಿತ್ರ ಬರೆಯೋರು, ವಯಸ್ಸಿನಲ್ಲಿ ಕೋವಿ ಹೆಗಲಿಗೇರಿಸಿ ಶಿಕಾರಿಗೂ ಹೋದವರು. 'ಪರಿಸರದ ಕತೆ'ಯಲ್ಲಿ ಮಾಸ್ತಿ, ಬೈರ ಅಂಥ ಶಿಕಾರಿಗಳು, ಕಿವಿ ಅನ್ನೋ ನಾಯಿ ಎಲ್ಲ ಬರೋದು ಆ ಓಡಾಟದಿಂದಲೇ. ಗುರಿ ಇಡಬೇಕಾದರೆ ಪ್ರಾಣಿ ಎಲ್ಲಿ ಮಲಗುತ್ತೆ, ಯಾವ ಹೊತ್ತಿಗೆ ಎದ್ದು ಬರುತ್ತೆ, ಎಲ್ಲ ಗೊತ್ತಿರಬೇಕು. ಹಾಗೆ ನೋಡ್ತಾ ನೋಡ್ತಾ ಅವರಿಗೆ ಕೊಲ್ಲೋದಕ್ಕಿಂತ ನೋಡೋದೇ ದೊಡ್ಡದಾಗಿರಬೇಕು ಅಂತ ನಮಗೆ ಅನ್ನಿಸುತ್ತೆ. ಕೋವಿ ಹೋಗಿ ಕ್ಯಾಮೆರಾ ಬಂತು. ಒಂದು ಹಕ್ಕಿಯ ಚಿತ್ರಕ್ಕಾಗಿ ಗಂಟೆಗಟ್ಟಲೆ ಅಲ್ಲಾಡದೆ ಕೂರೋ ತಾಳ್ಮೆ ಮಾತ್ರ ಶಿಕಾರಿಯದ್ದೇ.

1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಕಥಾಸಂಕಲನ ಬಂತು. ಅದರ ಮುನ್ನುಡಿಯಲ್ಲಿ ಆ ಕಾಲದ ನವ್ಯ ಸಾಹಿತ್ಯದ ದಾರಿ ತನಗೆ ಸಾಕು ಅಂತ ಬಹಿರಂಗವಾಗಿ ಹೊರಬಂದರು. 1980ರ 'ಕರ್ವಾಲೊ'ದಲ್ಲಿ ಒಬ್ಬ ವಿಜ್ಞಾನಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗ್ತಾರೆ. ಅವರಿಗೆ ದಾರಿ ತೋರಿಸೋದು ಊರವರು ದಡ್ಡ ಅಂದುಕೊಂಡಿದ್ದ ಮಂದಣ್ಣ. ಮಾರ್ಕ್ಸ್ ಕಾರ್ಡ್ ನೋಡಿ ಮನುಷ್ಯರನ್ನು ಅಳೆಯೋ ನಾವು ಆ ಪುಟಗಳಲ್ಲಿ ಸ್ವಲ್ಪ ಮುಜುಗರಪಟ್ಟಿದ್ದು ನಿಜ. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆನೆತ್ ಆಂಡರ್ಸನ್ ಬೇಟೆ ಕತೆಗಳನ್ನೂ ಕನ್ನಡಕ್ಕೆ ತಂದರು.

ನಮ್ಮ ಬ್ರಾಂಚಿನವರಿಗೆ ಇನ್ನೊಂದು ವಿಷಯ. ಈ ಕನ್ನಡ ಎಂ.ಎ. ಕಂಪ್ಯೂಟರನ್ನೂ ಬಿಡಲಿಲ್ಲ. ಕನ್ನಡಕ್ಕೆ ಅದರದ್ದೇ ತಂತ್ರಾಂಶ ಇಲ್ಲದಿದ್ದರೆ ಮುಂದೆ ಭಾಷೆಗೆ ಕಷ್ಟ ಅಂತ ಹಟ ಹಿಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ನೀವು ಇದನ್ನು ಫೋನಿನಲ್ಲಿ ಕನ್ನಡದಲ್ಲೇ ಓದ್ತಾ ಇದ್ದೀರಲ್ಲ, ಅಂಥ ದಿನಕ್ಕಾಗಿ ಗುದ್ದಾಡಿದವರಲ್ಲಿ ಅವರೂ ಒಬ್ಬರು.

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ 'ನಿರುತ್ತರ'ದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 68 ವರ್ಷ. ನಾವು ಆಗಿನ್ನೂ ಕಣ್ಣು ಬಿಟ್ಟಿರಲಿಲ್ಲ, ಬಿಟ್ಟಿದ್ದರೂ ತೊಟ್ಟಿಲಲ್ಲಿದ್ದೆವು.

ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಂದರೂ ಒಂದು ಮಿಕ್ಸಿ ಬಿಚ್ಚಿ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಾಸ್ಟೆಲಿಗೆ ವಾಪಸ್ ಬಂದವರೇ ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ಟೇಬಲ್ ಫ್ಯಾನ್ ಬಿಚ್ಚಿದ್ವಿ. ಎರಡು ಸ್ಕ್ರೂ ಕಳೆದುಹೋದವು, ಫ್ಯಾನ್ ಮಾತ್ರ ತಿರುಗ್ತಾ ಇದೆ. ಕೋವಿ ಅದರ ಗೋಡೆ ಮೇಲೇ ಇದೆ, ಅಲ್ಲೇ ಇರಲಿ. ಮುಂದಿನ ರಜೆಗೆ ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೆ ಹೋಗೋ ಯೋಚನೆ ಇದೆ. ಬರೋರು ಹೆಸರು ಕೊಡಿ.