ಕುವರ ಲಕ್ಷ್ಮ ದಂಡನಾಯಕ

ಕುವರ ಲಕ್ಷ್ಮನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನೂ 'ಗರುಡ'ರಲ್ಲಿ ಪ್ರಮುಖನೂ ಆಗಿದ್ದನು. ಒಡೆಯನು ಮಡಿದರೆ ತಾವೂ ಮಡಿಯುವುದಾಗಿ ಪ್ರತಿಜ್ಞೆಗೈದ ಅಂಗರಕ್ಷಕರಿಗೆ ಈ ಹೆಸರಿತ್ತು. 1220ರಲ್ಲಿ ಬಲ್ಲಾಳನು ನಿಧನನಾಗಲು, ಲಕ್ಷ್ಮನು ಪತ್ನಿ ಸುಗ್ಗಲದೇವಿ ಹಾಗೂ ಸಂಗಡಿಗರೊಡನೆ ಪ್ರಾಣತ್ಯಾಗ ಮಾಡಿದನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣಕ್ಕಿರುವ ಗರುಡಗಂಬದ ಕನ್ನಡ ಶಾಸನವು ಈ ವೃತ್ತಾಂತವನ್ನು ತಿಳಿಸುತ್ತದೆ. ಕಂಬದ ಸುತ್ತಲೂ ತಮ್ಮ ಶಿರವನ್ನು ತಾವೇ ಅರಿದುಕೊಳ್ಳುತ್ತಿರುವ ವೀರರ ಕಿರುಶಿಲ್ಪಗಳಿದ್ದು, ಅವು ಸಂದರ್ಶಕರ ಗಮನಕ್ಕೆ ಬಾರದೆ ಹೋಗುವುದುಂಟು. ದೇವಾಲಯದ ಭಿತ್ತಿಗಳಲ್ಲಿ ರಾಮಾಯಣ, ಮಹಾಭಾರತಗಳ ಕದನಗಳು ವಿಸ್ತಾರವಾಗಿ ಮೂಡಿದ್ದರೂ, ಶಿಲ್ಪಿಯು ತನ್ನ ಕಾಲದಲ್ಲಿಯೇ ನಡೆದ ಸಾವುಗಳನ್ನು ಕಂಡರಿಸಿರುವುದು ಇಲ್ಲಿ. ಶಾಸನವು ದಂಪತಿಗಳನ್ನು ಹೆಸರಿಸಿದೆ. ಜೊತೆಯ ವೀರರನ್ನು ಸಾವಿರವೆಂದಷ್ಟೇ ಹೇಳಿದೆ.